ಅಪ್‌ಡೇಟ್: ರೋಟಾವೈರಸ್ ಭೇದಿಯಾಗಿದ್ದ ಕರು ಈಗ ಹೇಗಿದೆ

ಒಂಬತ್ತು ದಿನದ ಕರುವಿಗೆ ಹಳದಿ ನೀರಿನಂಥ ಭೇದಿಯಾಗುತ್ತಿದೆ, ಹಾಲು ನಿಲ್ಲಿಸಬೇಕೇ ಎಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಸಗಣಿ ಪರೀಕ್ಷೆಯಲ್ಲಿ ರೋಟಾವೈರಸ್ ಪತ್ತೆಯಾಯಿತು. ಈ ವೈರಸ್ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಾಕಾರದ ಎಸಳುಗಳ ತುದಿಯ ಕೋಶಗಳನ್ನು ನಾಶಮಾಡುತ್ತದೆ. ಬುಡದಿಂದ ಹುಟ್ಟುವ ಹೊಸ ಕೋಶಗಳು ಮೇಲೇರಿ ಬಲಿಯುವವರೆಗೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಡಿಮೆಯಿರುವುದರಿಂದ, ಜೀರ್ಣವಾಗದೆ ಉಳಿದ ಸಕ್ಕರೆ ನೀರನ್ನು ಕರುಳಿನೊಳಕ್ಕೆ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ ಎಂದು ಪಶುವೈದ್ಯರು ವಿವರಿಸಿದರು.

ಹಾಗಿದ್ದರೆ ಹಾಲು ನಿಲ್ಲಿಸುವುದೇ ಸರಿಯಲ್ಲವೇ ಎಂಬ ನನ್ನ ವಾದವನ್ನು ಅವರು ಒಪ್ಪಲಿಲ್ಲ. ಲವಣದ ದ್ರಾವಣ ದೇಹದ ನೀರನ್ನು ತುಂಬಿಕೊಡುತ್ತದೆಯೇ ಹೊರತು ಹೊಸ ಕೋಶಗಳು ಬೆಳೆಯಲು ಬೇಕಾದಷ್ಟು ಪೋಷಣೆ ಅದರಲ್ಲಿಲ್ಲ. ಆದ್ದರಿಂದ ದಿನದ ಹಾಲನ್ನು ನಾಲ್ಕು ಸಲಕ್ಕೆ ಹಂಚಿ, ದ್ರಾವಣವನ್ನು ಹಾಲಿಗೆ ಬೆರೆಸದೆ ಎರಡು ಗಂಟೆಗಳ ಅಂತರದಲ್ಲಿ ಬೇರೆಯಾಗಿ ಕುಡಿಸಿದೆ. ಆ್ಯಂಟಿಬಯೋಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲವೆಂದು ಗೊತ್ತಿದ್ದೂ ನಾನೇ ಅದಕ್ಕಾಗಿ ಒತ್ತಾಯಿಸಿದ್ದೆ. ಗಾಬರಿಯಲ್ಲಿ ತಿಳಿವಳಿಕೆ ಕೈಕೊಡುತ್ತದೆ.

ಮೊದಲ ದಿನ ಕಣ್ಣುಗಳು ಗುಳಿಬಿದ್ದಿದ್ದವು, ಕುತ್ತಿಗೆಯ ಚರ್ಮವನ್ನು ಹಿಡಿದೆತ್ತಿ ಬಿಟ್ಟರೆ ಮಡಿಕೆ ಇಳಿಯಲು ನಾಲ್ಕೈದು ಸೆಕೆಂಡು ಹಿಡಿಯುತ್ತಿತ್ತು. ಮೂರನೆಯ ದಿನ ಅದು ಬಿಟ್ಟ ತಕ್ಷಣ ಸಮನಾಯಿತು, ತಣ್ಣಗಿದ್ದ ಬಾಯಿ ಬೆಚ್ಚಗಾಯಿತು. ಸಗಣಿ ಗಟ್ಟಿಯಾಗಲು ಮಾತ್ರ ಇನ್ನೂ ಐದು ದಿನ ಬೇಕಾಯಿತು. ಬಾಲದ ಬುಡದಲ್ಲಿ ಉದುರಿದ ಕೂದಲು ಇನ್ನೂ ಬಂದಿಲ್ಲವಾದರೂ, ಇಂದು ಬೆಳಿಗ್ಗೆ ಅದು ಬಾಟಲಿಯ ನಿಪ್ಪಲ್ಲನ್ನೇ ಕಿತ್ತುಹಾಕಿತು.