ಅಪ್‌ಡೇಟ್: ಮಳೆಗಾಲದಲ್ಲಿ ನಾಯಿಗೆ ಮನೆಯಲ್ಲೇ ಸ್ನಾನ

ಮಡಿಕೇರಿ ಬಳಿಯ ನಮ್ಮ ಕಾಫಿ ತೋಟವನ್ನೆಲ್ಲ ಸುತ್ತಿ, ಕೆಸರನ್ನೂ ಉಣುಗುಗಳನ್ನೂ ಮೈಗಂಟಿಸಿಕೊಂಡು ಬರುವ ನಾಯಿಗೆ ಮಳೆಗಾಲದಲ್ಲಿ ಮನೆಯಲ್ಲೇ ಸ್ನಾನ ಮಾಡಿಸುವುದು ಹೇಗೆಂದು ಕೇಳಿದ್ದೆ; ಸಲಹೆ ನೀಡಿದ ಎಲ್ಲರಿಗೂ ಕೃತಜ್ಞತೆಗಳು.

ನಮ್ಮ ಶಾಂಪೂ ಬೇಡವೆಂದವರ ಮಾತನ್ನು ಪಶುವೈದ್ಯರೂ ಒಪ್ಪಿದರು: ಮನುಷ್ಯರ ಚರ್ಮ ಆಮ್ಲೀಯವಾಗಿದ್ದು, ನಾಯಿಯದು ತಟಸ್ಥಕ್ಕೆ ಹತ್ತಿರವಿರುವುದರಿಂದ, ನಾವು ಬಳಸುವ ಶಾಂಪೂ ಅದರ ಚರ್ಮವನ್ನು ಒಣಗಿಸಿ ತುರಿಕೆ ತರಬಹುದು. ನಾಯಿಗಳಿಗೆಂದೇ ಇರುವ ಶಾಂಪೂ ಹಚ್ಚಿ, ಹಂಡೆಯ ಉಗುರುಬೆಚ್ಚಗಿನ ನೀರನ್ನು ಕುತ್ತಿಗೆಯಿಂದ ಬಾಲದ ಕಡೆಗೆ ಸುರಿದು, ಮುಖವನ್ನು ಒದ್ದೆ ಬಟ್ಟೆಯಿಂದಷ್ಟೇ ಒರೆಸಿದೆ. ಕಿವಿಯೊಳಗೆ ನೀರು ಹೋಗಲು ಬಿಡಲಿಲ್ಲ.

ನಿಜವಾದ ಕೆಲಸವಿರುವುದು ಸ್ನಾನದ ನಂತರವೇ. ಇಲ್ಲಿನ ತೇವದಲ್ಲಿ ರೋಮದ ಬುಡ ತಾನಾಗಿ ಆರುವುದಿಲ್ಲ. ಹಸಿಯಾಗಿಯೇ ಉಳಿದರೆ ಶಿಲೀಂಧ್ರದ ಸೋಂಕಿಗೆ ದಾರಿಯಾಗುತ್ತದೆ. ಹಳೆಯ ಟವೆಲ್‌ನಿಂದ ಬೆರಳ ಸಂದುಗಳನ್ನೂ ಬಿಡದೆ ಒರೆಸುವಾಗ, ಕಿವಿಯ ಮಡಿಕೆಯಲ್ಲಿ ಹರಳುಬೀಜದಂತೆ ಊದಿಕೊಂಡಿದ್ದ ಉಣುಗೊಂದು ಕಂಡಿತು. ಅದನ್ನು ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು, ಹಿಸುಕದೆ ನೇರವಾಗಿ ಎಳೆದು ತೆಗೆದೆ.

ಉಣುಗಿಗಾಗಿ ಬೆನ್ನಿನ ಮೇಲೆ ಹಾಕುವ ಹನಿ ಔಷಧಕ್ಕೂ ಸ್ನಾನಕ್ಕೂ 48 ಗಂಟೆಗಳ ಅಂತರವಿರಲಿ ಎಂದು ವೈದ್ಯರು ತಿಳಿಸಿದ್ದಾರೆ. ವಾರಕ್ಕೊಮ್ಮೆ ಸ್ನಾನ ಬೇಕೆಂದವರ ಸಲಹೆಯನ್ನು ಮಾತ್ರ ನಾನು ಪಾಲಿಸುತ್ತಿಲ್ಲ. ತಿಂಗಳಿಗೊಮ್ಮೆ ಸ್ನಾನ ಮಾಡಿಸಿ, ಉಳಿದ ದಿನಗಳಲ್ಲಿ ಕಾಲುಗಳನ್ನಷ್ಟೇ ತೊಳೆದು ಒರೆಸಲು ನಿರ್ಧರಿಸಿದ್ದೇನೆ.