ನೆಟ್‌ವರ್ಕಿಂಗ್ ಪಾಠಕ್ಕೆ ಲ್ಯಾಬ್ ಸೇರಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಗಂಗಾವತಿಯಿಂದ:

ಇಲ್ಲಿ ಬಿಸಿಎ ಮಕ್ಕಳಿಗೆ ನೆಟ್‌ವರ್ಕಿಂಗ್ ಹೇಳಿಕೊಡ್ತೀನಿ. ನೆಟ್‌ವರ್ಕಿನ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸ್ತಾರೆ. ಹೋದ ವಾರ ಒಂದು ಕಂಪ್ಯೂಟರಿಗೆ ಇಂಟರ್ನೆಟ್ ಬರಲಿಲ್ಲ. ಐಪಿ ನೋಡಿದರೆ 169.254 ಅಂತ ಶುರುವಾಗಿತ್ತು. ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗದೆ ಯಂತ್ರ ತಾನೇ ಒಂದನ್ನು ಹಾಕಿಕೊಂಡಿದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಡಿಎಚ್‌ಸಿಪಿ ಪ್ರಶ್ನೆಗೆ ಹತ್ತಕ್ಕೆ ಹತ್ತು ತಗೊಂಡ ಹುಡುಗಿಯೂ ಸುಮ್ಮನೆ ನಿಂತಿದ್ದಳು. ಅವಳ ತಪ್ಪಲ್ಲ, ನಾನು ಒಮ್ಮೆಯೂ ತೋರಿಸಿರಲಿಲ್ಲ. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ.

ಇರೋದು 18 ಕಂಪ್ಯೂಟರ್, 40 ಮಕ್ಕಳು, 8 ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್. ರೂಟರಿಗೆ ದುಡ್ಡಿಲ್ಲ. ವಾರಕ್ಕೆ ಎರಡು ತಾಸು ಸಿಗುತ್ತೆ, ಅದರಲ್ಲೂ ಮಧ್ಯಾಹ್ನ ಕರೆಂಟ್ ಹೋಗುತ್ತೆ.

ಉತ್ತರ, ಬಳ್ಳಾರಿಯಿಂದ:

ಕೇಬಲ್ಲಿಂದ ಶುರು ಮಾಡ್ರಿ ಸರ್, ಅದಕ್ಕೆ ಕರೆಂಟೇ ಬೇಕಾಗಿಲ್ಲ. ನಾನು ಓದಿದ್ದು ಐಟಿಐ, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಒಬ್ಬೊಬ್ಬರಿಗೂ ಒಂದು ಮೀಟರ್ ಕ್ಯಾಟ್5ಇ ನೆಟ್‌ವರ್ಕ್ ವೈರು, ತುದಿಗೆ ಹಾಕೋ ಎರಡು ಆರ್‌ಜೆ45 ಪ್ಲಗ್ಗು ಕೊಡ್ರಿ. ಒಳಗಿನ ಎಂಟು ಎಳೆಗಳನ್ನು 1ರಿಂದ 8ನೇ ಪಿನ್ನಿನವರೆಗೆ ಈ ಸಾಲಿನಲ್ಲಿ ಕೂರಿಸ್ರಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿಯ ಹೆಣಿಕೆ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು.

ಆಮೇಲೆ ಒಂದು ಕೇಬಲ್ಲಿನ ನೀಲಿ, ಕಂದು ಜೋಡಿ ಕತ್ತರಿಸಿ ಅವರ ಕೈಗೆ ಕೊಡ್ರಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಎಂಬಿಪಿಎಸ್‌ಗೆ ಎರಡೇ ಸಾಕು. ಕೆಲವು ನೆಟ್‌ವರ್ಕ್ ಕಾರ್ಡು 100ಕ್ಕೆ ಇಳಿದು ನಡೀತವೆ, ಕೆಲವು ಲಿಂಕೇ ಹಿಡಿಯಲ್ಲ. ‘ನೆಟ್ ಸ್ಲೋ ಐತೆ’ ಅನ್ನೋ ದೂರು ಬಂದಾಗ ನಾನು ಎಷ್ಟೋ ಸಲ ಕಂಡಿದ್ದು ಇದನ್ನೇ.

ಉತ್ತರ, ರಾಯಚೂರಿನಿಂದ:

ಡಿಪ್ಲೊಮಾದವರಿಗೆ ನಾನು ಮಾಡಿಸೋದು ಹೇಳ್ತೀನ್ರಿ. ಲಿನಕ್ಸ್ ಇರೋ ಒಂದೇ ಯಂತ್ರದಾಗ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್, ಅಂದ್ರ ಒಂದೇ ಯಂತ್ರದೊಳಗ ಬ್ಯಾರೆ ಬ್ಯಾರೆ ನೆಟ್‌ವರ್ಕ್, ಮಾಡ್ರಿ. ಎರಡು ತುದಿಗೆ ಎರಡು ಕಂಪ್ಯೂಟರು, ನಡುವೆ ರೂಟರು ಅಂತ ತಿಳ್ಕೋರಿ. ನಡುವಿನದರ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ ಮುಂದಕ್ಕ ಕಳಿಸೋದು) ಬಂದ್ ಇಟ್ಟು, ಒಂದು ತುದಿಯಿಂದ ಇನ್ನೊಂದಕ್ಕ ಪಿಂಗ್ ಮಾಡಿಸ್ರಿ, ಅಂದ್ರ ಉತ್ತರ ಬರ್ತದೇನು ನೋಡಿಸ್ರಿ. ಹೋಗಂಗಿಲ್ಲ. ಯಾಕಂತ ಅವರೇ ಹುಡುಕಲಿ, ನೀವು ಬಾಯಿ ಬಿಡಬ್ಯಾಡ್ರಿ. ಫಾರ್ವರ್ಡಿಂಗ್ ಚಾಲೂ ಮಾಡಿದ ಮ್ಯಾಲ, ಒಂದೊಂದು ರೂಟರ್ ದಾಟಿದಾಗ ಒಂದು ಕಡಿಮೆ ಆಗೋ ಟಿಟಿಎಲ್ ಅನ್ನೋ ಎಣಿಕೆ 64 ಇದ್ದದ್ದು 63 ಆಗಿ ಬರ್ತದ.

ಹೋಗಿ ಬರೋ ಪ್ಯಾಕೆಟ್ ತೋರಿಸೋ ವೈರ್‌ಶಾರ್ಕ್ ತೆರೆದಿಡ್ರಿ. ಪಿಂಗಿಗಿಂತ ಮೊದಲು, ಐಪಿಗೆ ತಕ್ಕ ಕಾರ್ಡಿನ ವಿಳಾಸ ಹುಡುಕೋ ಎಆರ್‌ಪಿ ‘ಈ ಐಪಿ ಯಾರದು?’ ಅಂತ ಓಣಿಗೆಲ್ಲ ಕೇಳಂಗ ಕೂಗ್ತದ, ಉತ್ತರ ಮಾತ್ರ ಒಬ್ಬರದೇ ಬರ್ತದ. ಅದನ್ನ ಕಣ್ಣಾರೆ ಕಂಡ ಹುಡುಗರಿಗೆ ಮತ್ತ ಬಾಯಿಪಾಠ ಮಾಡಿಸೋ ಕೆಲಸ ಇಲ್ಲ.

ಗಂಗಾವತಿಯಿಂದ ಮತ್ತೆ:

ಇಬ್ಬರಿಗೂ ಶರಣು. ನಿನ್ನೆ ಕೇಬಲ್ ಮಾಡಿಸಿದೆ. ಅದೇ ಹುಡುಗಿ ಒಂದು ತುದಿಯಲ್ಲಿ ಹಸಿರು ಜೋಡಿಯನ್ನು 3 ಮತ್ತು 4ನೇ ಪಿನ್ನಿಗೆ ಪಕ್ಕಪಕ್ಕ ಕೂರಿಸಿದ್ದಳು. ಪೋರ್ಟಿನ ದೀಪ ಹತ್ತಲಿಲ್ಲ. ಎರಡೂ ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಎಣಿಸಿ, ತಪ್ಪಿದ ತುದಿಯನ್ನು ತಾನೇ ಕತ್ತರಿಸಿ ಮತ್ತೆ ಪ್ಲಗ್ ಒತ್ತಿ ಕೂರಿಸಿದಳು (ಕ್ರಿಂಪ್). ಹತ್ತಿತು.

ರಾಯಚೂರಿನ ಸರ್, ನೇಮ್‌ಸ್ಪೇಸ್ ಕಮಾಂಡುಗಳನ್ನು ಇಲ್ಲೇ ಹಾಕ್ತೀರಾ? ಬುಧವಾರ ಅದನ್ನೇ ಮಾಡಿಸಬೇಕು.