ಪದಚರ್ಚೆ: ದುಃಖಕ್ಕೂ 'ವಾರ್ಷಿಕೋತ್ಸವ'ವೇ? ('ಸಲುವ', 'ಸಂದ' ಕುರಿತು)

ಬಳಗದ ಎಲ್ಲರಿಗೂ ನಮಸ್ಕಾರ.

ಶಾಲೆಯಿಂದ ನಿವೃತ್ತಳಾದ ಮೇಲೆ ಊರಿನ ವಾಚನಾಲಯದ ಗೋಡೆಗೆ ವಾರಕ್ಕೊಂದು ಹಾಳೆ ಬರೆದು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೇ ತಿಂಗಳ ಹಾಳೆಗೆ 24ನೇ ತಾರೀಕನ್ನು ಹಿಡಿದುಕೊಂಡೆ. ಕಾಸರಗೋಡಿನವರಿಗೆ ಕಾರಣ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, 1984ರ ಮೇ 24ರಂದು ಕಾಸರಗೋಡು, ಹೊಸದುರ್ಗ ತಾಲೂಕುಗಳನ್ನು ಕಣ್ಣೂರಿನಿಂದ ಬಿಡಿಸಿ ನಮ್ಮ ಜಿಲ್ಲೆ ಮಾಡಿದರು. ಕೇರಳದ ಹದಿನಾಲ್ಕನೆಯ ಜಿಲ್ಲೆ, ಕೊನೆಯದೂ ಹೌದು.

ಅದೇ ತಾರೀಕಿನಲ್ಲಿ ಇನ್ನೇನು ಉಂಟು ಎಂದು ಹುಡುಕುತ್ತ ಹೋದರೆ ಹಾಳೆ ಸಾಲದಾಯಿತು. 1543ರಲ್ಲಿ ಕೋಪರ್ನಿಕಸ್ ತೀರಿಕೊಂಡದ್ದು, 1819ರಲ್ಲಿ ವಿಕ್ಟೋರಿಯಾ ರಾಣಿ ಹುಟ್ಟಿದ್ದು, 1844ರಲ್ಲಿ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಕಳಿಸಿದ್ದು, 1883ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆದದ್ದು, 1899ರಲ್ಲಿ ಕವಿ ನಜ್ರುಲ್ ಇಸ್ಲಾಂ ಹುಟ್ಟಿದ್ದು ಎಲ್ಲ ಮೇ 24. ಬಚೇಂದ್ರಿ ಪಾಲ್ ಹುಟ್ಟಿದ್ದು 1954ರ ಮೇ 24ಕ್ಕೆ. ಅವರು ಎವರೆಸ್ಟ್ ಏರಿದ್ದು 1984ರ ಮೇ 23ಕ್ಕೆ. ಮರುದಿನ ಅವರಿಗೆ ಮೂವತ್ತು ತುಂಬಿತು, ನಮಗೆ ಜಿಲ್ಲೆಯಾಯಿತು! ಬಲ್ಗೇರಿಯದಲ್ಲಂತೂ ಆ ದಿನ ಅಕ್ಷರಕ್ಕೆ ಮೀಸಲು. ಸ್ಲಾವ್ ಲಿಪಿಗೆ ಮೊದಲಿಗರೆನಿಸಿದ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರ ಹೆಸರಿನಲ್ಲಿ ದೇಶಕ್ಕೇ ರಜೆ. ಲಿಪಿಯ ಹೆಸರಿನಲ್ಲಿ ಶಾಲೆಗೆ ರಜೆ ಸಿಗುವ ಊರು ಎಂದು ಮಕ್ಕಳಿಗೆ ಹೇಳಿದರೆ ಅಲ್ಲಿಗೇ ಹೋಗುವ ಎಂದಾರು.

ಇಷ್ಟನ್ನೂ ಜೋಡಿಸಿದ ಮೇಲೆ ತಲೆಬರಹಕ್ಕೆ ಬಂದೆ. ಅಲ್ಲಿ ಸಿಕ್ಕಿಬಿದ್ದೆ. ಇವಕ್ಕೆಲ್ಲ ಒಟ್ಟಾಗಿ ಕನ್ನಡದಲ್ಲಿ ಏನನ್ನಬೇಕು?

'ವಾರ್ಷಿಕೋತ್ಸವ' ಎಂದು ಬರೆದು ಹೊಡೆದು ಹಾಕಿದೆ. ಸೇತುವೆಗೆ ಸರಿ, ಜಿಲ್ಲೆಗೂ ಸರಿ ಎನ್ನುವ. ಕೋಪರ್ನಿಕಸ್ ಸತ್ತದ್ದು ಯಾರಿಗೆ ಉತ್ಸವ? ಅವನು ಹಳಬನಾದ್ದರಿಂದ ನಕ್ಕು ಬಿಡಬಹುದು. ಆದರೆ 24ಕ್ಕೆ ಎರಡೇ ದಿನ ಹಿಂದೆ ಮೇ 22 ಉಂಟು. 2010ರಲ್ಲಿ ಆ ಬೆಳಗ್ಗೆ ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ಹೋದರು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಆ ತಾರೀಕು ಬೇರೆಯೇ. 'ದುರಂತದ ಹತ್ತನೇ ವಾರ್ಷಿಕೋತ್ಸವ' ಎಂದು ಒಂದು ಕಡೆ ಅಚ್ಚಾದದ್ದನ್ನು ನಾನು ಕಣ್ಣಾರೆ ಓದಿದ್ದೇನೆ. ಬರೆದವರಿಗೆ ಕೆಟ್ಟ ಮನಸ್ಸೇನೂ ಇರಲಿಕ್ಕಿಲ್ಲ. ಕೈಗೆ ಬೇರೆ ಪದ ಸಿಗಲಿಲ್ಲ, ಅಷ್ಟೆ.

ಬಿಡಿಬಿಡಿಯಾಗಿ ಬೇಕಾದಷ್ಟು ಪದ ಉಂಟು. ಹುಟ್ಟಿದವರಿಗೆ ಜಯಂತಿ, ಗುರುಗಳಿಗೆ ಆರಾಧನೆ, ದೊಡ್ಡವರಿಗೆ ಪುಣ್ಯತಿಥಿ, ಮನೆಯವರಿಗೆ ವರ್ಷಾಂತಿಕ. ದರ್ಗಾಗಳ ಉರೂಸ್ ಅರಬ್ಬಿ ಮೂಲದಲ್ಲಿ ಮದುವೆ ಎಂಬ ಅರ್ಥದ್ದು. ಸಂತರ ಮರಣದ ದಿನವನ್ನು ಮಿಲನದ ದಿನವೆಂದು ಕರೆದ ಪದ ಅದು, ನನಗೆ ಯಾವಾಗಲೂ ಇಷ್ಟ. 'ತಿಥಿ' ಎಂದರೆ ಪಂಚಾಂಗಕ್ಕೆ ಬರೇ ದಿನ, ಆದರೆ ಊಟಕ್ಕೆ ಕರೆಯುವಾಗ 'ನಾಳೆ ತಿಥಿ' ಎಂದರೆ ಯಾರದ್ದು ಎಂದು ಕೇಳುತ್ತಾರೆ. ಹಾಗಾಗಿ 'ಜನ್ಮತಿಥಿ' ನನ್ನ ಕಿವಿಗೆ ಕೂರುವುದಿಲ್ಲ.

ವರ್ಧಂತಿಯ ಕಥೆ ಇನ್ನೂ ಸ್ವಾರಸ್ಯ. ನಮ್ಮಲ್ಲಿ ದೇವಸ್ಥಾನದ ಪ್ರತಿಷ್ಠಾ ವರ್ಧಂತಿ ಎಂದರೆ ಸಂಭ್ರಮ. ಹಿಂದೆ ಮೈಸೂರಿನ ಅರಸರ ಹುಟ್ಟುಹಬ್ಬಕ್ಕೂ ವರ್ಧಂತಿಯೇ. ವೃದ್ಧಿಯ ನಂಟಿನ ಪದವಲ್ಲವೇ? ಬ್ಯಾಂಕ್ ಕೆಲಸದ ಮೇಲೆ ಆಂಧ್ರದ ಆದೋನಿಯಲ್ಲಿರುವ ನನ್ನ ತಮ್ಮನಿಗೆ ಊರ ದೇವಸ್ಥಾನದ ಕಾಗದ ಹೋಗಿತ್ತು. ಪಕ್ಕದ ಮನೆಯ ತೆಲುಗಿನವರು ಅದರಲ್ಲಿ 'ವರ್ಧಂತಿ' ಓದಿ, ದನಿ ಇಳಿಸಿ, ಯಾರು ತೀರಿಹೋದದ್ದು ಎಂದು ಕೇಳಿದರಂತೆ. ತೆಲುಗಿನಲ್ಲಿ ಜಯಂತಿ ಹುಟ್ಟಿದ ದಿನ, ವರ್ಧಂತಿ ಸತ್ತ ದಿನ! ಒಂದೇ ಪದ ಗಡಿ ದಾಟುವಷ್ಟರಲ್ಲಿ ತಲೆಕೆಳಗಾಯಿತು. ಮರಾಠಿಯ 'ವರ್ಧಾಪನ ದಿನ' ಮಾತ್ರ ನಮ್ಮ ಹಾಗೆ ಶುಭದ ಕಡೆಗೇ ನಿಂತಿದೆ. ರಾಯದುರ್ಗ, ಆದೋನಿ ಕಡೆಯ ಕನ್ನಡಿಗರು ಮನೆಯಲ್ಲಿ ವರ್ಧಂತಿಯನ್ನು ಯಾವ ಅರ್ಥಕ್ಕೆ ಬಳಸುತ್ತೀರಿ? ಇದು ನನ್ನ ಮೊದಲ ಪ್ರಶ್ನೆ.

ಮಲಯಾಳದಲ್ಲಿ ಈ ತಾಪತ್ರಯ ಇಲ್ಲ. 'ವಾರ್ಷಿಕಂ' ಎಂದರೆ ಮುಗಿಯಿತು. ಜನ್ಮವಾರ್ಷಿಕಂ, ವಿವಾಹವಾರ್ಷಿಕಂ, ಚರಮವಾರ್ಷಿಕಂ (ಸಾವಿನದ್ದು) ಎಂದು ಹಿಂದೆ ಏನು ಬೇಕಾದರೂ ಅಂಟಿಸಬಹುದು. ಉತ್ಸವದ ಬಾಲ ಇಲ್ಲ. ನಮ್ಮ ಜಿಲ್ಲೆಯ ಕನ್ನಡದಲ್ಲಿ 'ಚರಮ ವಾರ್ಷಿಕ' ಆಗಲೇ ನುಸುಳಿದೆ. 'ರೂಪೀಕರಣ' ನುಸುಳಿದ ಬಾಗಿಲಿನಿಂದಲೇ! (ಸಮಿತಿ ರಚಿಸಿದರು ಎನ್ನುವಲ್ಲಿ 'ಸಮಿತಿ ರೂಪೀಕರಿಸಲಾಯಿತು' ಎಂದು ಬರೆದರೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ.) ನನಗೆ ಮಲಯಾಳದ ಪದಗಳ ಮೇಲೆ ಮುನಿಸಿಲ್ಲ. ಆದರೆ ಕನ್ನಡದಲ್ಲಿ ವಾರ್ಷಿಕ ವಿಶೇಷಣ. ವಾರ್ಷಿಕ ಪರೀಕ್ಷೆ, ವಾರ್ಷಿಕ ವರದಿ. 'ಜಿಲ್ಲೆಯ ನಲವತ್ತನೇ ವಾರ್ಷಿಕ' ಎಂದು ನಿಲ್ಲಿಸಿದರೆ ಮುಂದಿನ ಪದ ಎಲ್ಲಿ ಎಂದು ಓದುವವರು ಹುಡುಕುತ್ತಾರೆ.

ಇನ್ನೊಂದು ತೊಡಕು ಲೆಕ್ಕದ್ದು. 2024ರ ಮೇ 24ಕ್ಕೆ ಜಿಲ್ಲೆಗೆ ನಲವತ್ತು ತುಂಬಿತು. ಒಬ್ಬರ ಭಾಷಣದಲ್ಲಿ ಜಿಲ್ಲೆ 'ನಲವತ್ತನೇ ವರ್ಷಕ್ಕೆ ಕಾಲಿಟ್ಟಿತು', ಮತ್ತೊಬ್ಬರಲ್ಲಿ 'ನಲವತ್ತೊಂದಕ್ಕೆ ಕಾಲಿಟ್ಟಿತು'. ಎರಡನೆಯವರದ್ದೇ ಸರಿ, ಚಪ್ಪಾಳೆ ಮಾತ್ರ ಇಬ್ಬರಿಗೂ ಒಂದೇ.

ಹೀಗೆ ಒದ್ದಾಡುತ್ತಿರುವಾಗ ಪ್ರೆಸ್ಸಿಗೆ ಹೋದೆ. ಮೊಳೆ ಜೋಡಿಸಿ ಬೆರಳು ಸವೆಸಿದ, ಈಗ ಮಗನ ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿ ಕೂರುವ ಅಣ್ಣ ಒಬ್ಬರಿದ್ದಾರೆ. ವಿಷಯ ಹೇಳಿದೆ.

"ಎಂತಕ್ಕೆ ಟೀಚರೇ ಅಷ್ಟು ತಲೆಬಿಸಿ? ನಾವು ಕಾಗದದಲ್ಲಿ 'ಸಲುವ' ಹಾಕ್ತೇವಲ್ಲ, ಅದು ಆಗ್ಲಿಕ್ಕಿಲ್ವಾ?" ಎಂದು ಹಳೆಯ ಆಮಂತ್ರಣ ಒಂದನ್ನು ಮುಂದೆ ಇಟ್ಟರು. ಕರಾವಳಿಯವರಿಗೆಲ್ಲ ಗೊತ್ತಿರುವ ಒಕ್ಕಣೆ: 'ವೃಷಭ ಮಾಸ ದಿನ 10 ಸಲುವ ಮೇ 24ನೇ ಶುಕ್ರವಾರ'. ನೂರು ಸಲ ಓದಿದ್ದೆ. ಸಲುವ ಎಂದರೆ ಏನು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಸಲ್ಲು ಧಾತು. ನಿಲ್ಲು–ನಿಂದ, ಕೊಲ್ಲು–ಕೊಂದ ಇದ್ದ ಹಾಗೆ ಸಲ್ಲು–ಸಂದ. ಲೆಕ್ಕಕ್ಕೆ ಸೇರುವುದು, ನಡೆಯುವುದು, ಕಳೆಯುವುದು ಮೂರೂ ಅದರಲ್ಲುಂಟು. ಸಲ್ಲದ ನಾಣ್ಯ ಎನ್ನುವಾಗಲೂ ಅದೇ. ಮಾಸದ ಹತ್ತು ದಿನ ಲೆಕ್ಕಕ್ಕೆ ಸಲ್ಲುವ ದಿನ 'ದಿನ 10 ಸಲುವ'. ತುಳುವಿನಲ್ಲಿ ಇದನ್ನೇ 'ಬೇಶ ಪತ್ತ್ ಪೋಪುನಾನಿ' ಎನ್ನುತ್ತಾರೆ, ಬೇಶ ತಿಂಗಳು (ವೃಷಭ ಮಾಸವೇ) ಹತ್ತು ಹೋಗುವ ದಿನ. ಹಳೆಯ ಶಾಸನಗಳಲ್ಲೂ ಕಳೆದ ಶಕವರ್ಷಕ್ಕೆ 'ಸಂದ', ನಡೆಯುತ್ತಿರುವುದಕ್ಕೆ 'ವರ್ತಮಾನ' ಎಂದು ಬೇರೆ ಮಾಡಿ ಬರೆಯುವ ಕ್ರಮ ಇತ್ತು. ಭಾಷಣಕಾರರ ನಲವತ್ತು–ನಲವತ್ತೊಂದರ ಜಗಳವನ್ನು ಕಲ್ಲು ಕಡೆಯುವವರು ಆಗಲೇ ಮುಗಿಸಿದ್ದರು.

ಮತ್ತೆ ನೋಡಿ, ಆ ಹತ್ತು ಯಾವ ಹತ್ತು? ಪತ್ತನಾಜೆ! ಬೇಶದ ಹತ್ತು, ಹೆಚ್ಚಿನ ವರ್ಷ ಮೇ 24ಕ್ಕೇ ಬರುತ್ತದೆ, ಕೆಲವೊಮ್ಮೆ 25. ದೈವಗಳ ಕೋಲ, ನೇಮ, ಊರಿನ ಜಾತ್ರೆಗಳೆಲ್ಲ ಅಂದಿಗೆ ನಿಲ್ಲುತ್ತವೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕು ಎಂದು ಹಿರಿಯರ ನಂಬಿಕೆ. ಚಂದ್ರಗಿರಿ ಹೊಳೆಯಾಚೆ ಮಲಯಾಳಿಗಳ ದೈವಾರಾಧನೆ ತೆಯ್ಯಂ ಶುರುವಾಗುವುದು ತುಲಾಮಾಸದ 'ಪತ್ತಾಮುದಯ'ಕ್ಕೆ, ಹತ್ತನೆಯ ಉದಯಕ್ಕೆ. ಈಚೆ ನಿಲ್ಲಿಸಲಿಕ್ಕೂ ಹತ್ತು, ಆಚೆ ಶುರುಮಾಡಲಿಕ್ಕೂ ಹತ್ತು. ನಜ್ರುಲ್ ಜಯಂತಿಯನ್ನು ಬಂಗಾಳಿಗಳು ಮಾಡುವುದೂ ತಾರೀಕು ನೋಡಿ ಅಲ್ಲ, ಜ್ಯೈಷ್ಠ 11 ನೋಡಿ. ಅವರ ಜ್ಯೈಷ್ಠ ನಮ್ಮ ಚಾಂದ್ರಮಾನದ ಜ್ಯೇಷ್ಠವಲ್ಲ, ಸೌರ ವೃಷಭ, ಅಂದರೆ ತುಳುವರ ಬೇಶವೇ. ಬಲ್ಗೇರಿಯದ ಅಕ್ಷರದ ದಿನವೂ ಹಳೆಯ ಕ್ಯಾಲೆಂಡರಿನ ಮೇ 11; ಕ್ಯಾಲೆಂಡರ್ ಬದಲಿಸಿದ ಮೇಲೆ 24 ಆಯಿತು, ಚರ್ಚಿನವರು ಈಗಲೂ ಮೇ 11ಕ್ಕೇ ಸ್ಮರಿಸುತ್ತಾರೆ. ತಾರೀಕು ಒಂದೇ ಎಂದು ಹೊರಟವಳಿಗೆ ತಾರೀಕೇ ಜಾರಿತು. ಗಟ್ಟಿಯಾಗಿ ಉಳಿದದ್ದು ಎಷ್ಟು ಸಂದಿತು ಎಂಬ ಲೆಕ್ಕ ಮಾತ್ರ.

ಹಾಗಾಗಿ ನನ್ನ ಸೂಚನೆ ಇದು. ಹೆಸರುಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದಕ್ಕೆ ಬರುವ. 'ಜಿಲ್ಲೆಗೆ 40 ವರ್ಷ ಸಂದ ದಿನ', 'ದುರಂತಕ್ಕೆ 10 ವರ್ಷ ಸಂದ ದಿನ', 'ಸೇತುವೆಗೆ 140 ಸಂದಾಗ'. ಸುಖಕ್ಕೂ ಆಗುತ್ತದೆ, ದುಃಖಕ್ಕೂ ಆಗುತ್ತದೆ, ಲೆಕ್ಕವೂ ತಪ್ಪುವುದಿಲ್ಲ. 'ತುಂಬಿತು' ಆಗುವುದಿಲ್ಲವೇ ಎಂದು ಕೇಳಬಹುದು. ಮಗುವಿಗೆ ವರ್ಷ ತುಂಬುತ್ತದೆ. ಸಾವಿಗೆ ತುಂಬುತ್ತದೆ ಎನ್ನಲು ನನ್ನ ನಾಲಿಗೆ ಹಿಂಜರಿಯುತ್ತದೆ.

ಪ್ರೆಸ್ಸಿನ ಅಣ್ಣನಿಗೆ ಓದಿ ಹೇಳಿದೆ. ಪದ ಕೊಟ್ಟವರೇ ಮೊದಲ ತಕರಾರು ತೆಗೆದರು: "'ಸಂದಿತು' ಅಂದ್ರೆ ಪ್ರಶಸ್ತಿ ಸಿಕ್ಕಿದ ಹಾಗೆ ಆಗ್ತದಲ್ಲ ಟೀಚರೇ. ಜಿಲ್ಲೆಗೆ ನಲವತ್ತು ಸಂದಿತು ಅಂದ್ರೆ ನಲವತ್ತು ಕೋಟಿಯೋ ಅಂತ ಕೇಳ್ತಾರೆ ಜನ." ಅದೂ ಹೌದು. 'ವರ್ಷ' ಬಿಡುವಂತಿಲ್ಲ. 'ಸಂದುಹೋದರು' ಎಂದರೆ ಸತ್ತರು ಎಂಬ ಅರ್ಥವೂ ಒಂದುಂಟು. ಬದುಕಿರುವವರ ಹುಟ್ಟುಹಬ್ಬಕ್ಕೆ ಬಳಸುವಾಗ ಜಾಗ್ರತೆ ಬೇಕು.

ಈಗ ಬಳಗಕ್ಕೆ ಉಳಿದ ಪ್ರಶ್ನೆಗಳು. ಆಮಂತ್ರಣದ 'ಸಲುವ' ಕರಾವಳಿಯ ಆಚೆ, ಘಟ್ಟದ ಮೇಲೆ, ಮಹಾರಾಷ್ಟ್ರದ ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಉಂಟೇ? ತಮಿಳುನಾಡಿನ ತಾಳವಾಡಿ, ಹೊಸೂರಿನವರು ಏನು ಬರೆಯುತ್ತೀರಿ? 'ವರ್ಷ ಸಂದ ದಿನ' ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ, ಶಾಸನದಂತೆಯೇ? ಹಾಳೆಯ ತಲೆಬರಹದ ಜಾಗವನ್ನು ಖಾಲಿ ಬಿಟ್ಟು ಕೆಳಗಿನದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಪತ್ತನಾಜೆಗೆ ಮೊದಲು ಯಾರಾದರೂ ಉತ್ತರಿಸಿದರೆ ಉಪಕಾರ. ಆಮೇಲೆ ಮಳೆ ಶುರುವಾಗಿ ಗೋಡೆಯೆಲ್ಲ ತೇವ, ಅಂಟು ಹಿಡಿಯುವುದಿಲ್ಲ.